ಹಬ್ಬದ ಹೆಸರು ಸವೆದ ಬಗೆ

ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ ಸಂಸ್ಕೃತ ಶಾಸನವೊಂದಿದೆ. ಶಕವರ್ಷ ೫೦೦, ಎಂದರೆ ಕ್ರಿ.ಶ. ೫೭೮ರದು. ಅದರಲ್ಲಿ ತಿಥಿಯನ್ನು 'ಮಹಾಕಾರ್ತಿಕ ಪೌರ್ಣಮಾಸೀ' ಎಂದು ತುಂಬು ಹೆಸರಿನಿಂದ ಕೊರೆದಿದ್ದಾರೆ. ಅದೇ ಗುಡ್ಡದ ಕೆಳಗಿನ ಪೇಟೆಯ ಆಡುಮಾತಿನಲ್ಲಿ ಅಂಥ ದಿನ ಬರಿಯ 'ಹುಣ್ಣಿವಿ'.

ಹೆಸರು ಕುಗ್ಗಿದರೆ ಶ್ರದ್ಧೆಯೂ ಕುಗ್ಗಿತೆನ್ನುವವರುಂಟು. ಇಂಗ್ಲಿಷಿನ 'ಎಕ್ಸ್‌ಮಸ್' ಎಂಬ ರೂಪದ ಮೇಲೂ ಇದೇ ದೂರು. ಆದರೆ ಅಲ್ಲಿರುವುದು ಗ್ರೀಕ್ ಲಿಪಿಯಲ್ಲಿ ಕ್ರಿಸ್ತನ ಹೆಸರಿನ ಮೊದಲಕ್ಷರ. ಕ್ರೈಸ್ತ ಲಿಪಿಕಾರರೇ ಬಳಸಿದ ಸಂಕ್ಷೇಪ. ನಮ್ಮ ದಾನಶಾಸನಗಳಲ್ಲಿಯೂ ಶುದ್ಧಕ್ಕೆ 'ಶು', ಬಹುಳಕ್ಕೆ 'ಬ' ಎಂದು ಬರೆಯುವ ರೂಢಿಯಿತ್ತು. ದೇವರ ಸನ್ನಿಧಿಯ ಕಲ್ಲಿನಲ್ಲಿ ಇದನ್ನು ಯಾರೂ ಅಪಚಾರವೆಂದು ತಿಳಿಯಲಿಲ್ಲ.

ಬರಹದ ಸಂಕ್ಷೇಪ ಒಂದಾದರೆ, ಬಾಯ ಸವೆತ ಇನ್ನೊಂದು. ಸಂಸ್ಕೃತದ 'ಪೂರ್ಣಿಮಾ' ಪ್ರಾಕೃತದಲ್ಲಿ 'ಪುಣ್ಣಿಮಾ' ಆಯಿತು. ಪಾಲು ಹಾಲಾದಂತೆ ಕನ್ನಡದಲ್ಲಿ ಹುಣ್ಣಿಮೆಯಾಗಿ, ಈ ಸೀಮೆಯಲ್ಲಿ ಹುಣ್ಣಿವಿಯಾಯಿತು. ಅಮಾವಾಸ್ಯೆ 'ಅಮಾಸಿ'ಯಾಯಿತು, ಯುಗಾದಿ 'ಉಗಾದಿ'ಯಾಯಿತು.

ಮೂರನೆಯ ಬಗೆ ಇನ್ನೂ ಸ್ವಾರಸ್ಯದ್ದು: ಹೆಸರಿನ ಅರ್ಧವನ್ನೇ ಬಿಟ್ಟುಬಿಡುವುದು. ಪಂಚಮಿ ತಿಂಗಳಿಗೆ ಎರಡು ಬಾರಿ ಬರುತ್ತದೆ. ಆದರೂ ಇಳಕಲ್ಲಿನ ಮನೆಯಲ್ಲಿ "ಪಂಚಮಿಗೆ ಮಗಳನ್ನ ಕರ್ಕೊಂಡ ಬರಬೇಕು" ಎಂದರೆ ಅದು ಶ್ರಾವಣದ ನಾಗಪಂಚಮಿಯೇ. ಉಂಡಿ ಕಟ್ಟುವ, ಜೋಕಾಲಿ ಜೀಕುವ ಹಬ್ಬ. ಶಿವರಾತ್ರಿಯೂ ಪ್ರತಿ ತಿಂಗಳಿನದು. 'ಮಹಾ' ಎನ್ನದಿದ್ದರೂ ಹುನಗುಂದದ ಭಕ್ತರಿಗೆ ಯಾವುದೆಂದು ಗೊತ್ತು. ಮೊಹರಂ ಎಂಬುದು ತಿಂಗಳ ಹೆಸರು. ಹಿಂದೂ ಮುಸಲ್ಮಾನರು ಕೂಡಿ ಆಚರಿಸುವ ನಮ್ಮ ಹಳ್ಳಿಗಳಲ್ಲಿ ಅದೇ ಹಬ್ಬದ ಹೆಸರಾಗಿದೆ.

ಬಿಟ್ಟಲ್ಲಿ ಜನ ತಮ್ಮದನ್ನು ಸೇರಿಸಿದ್ದೂ ಉಂಟು. ಪುಷ್ಯದ ಹುಣ್ಣಿಮೆ ಬಾದಾಮಿಗೆ 'ಬನದ ಹುಣ್ಣಿಮೆ'. ಬನಶಂಕರಿಯ ತೇರು ಎಳೆಯುವ ದಿನ. ಸಂಸ್ಕೃತದ 'ವನ'ವೇ ಕನ್ನಡದ 'ಬನ'. ಫಾಲ್ಗುಣದ್ದು ಹೋಳಿ ಹುಣ್ಣಿಮೆ. ಬಂಡಿಗಳಲ್ಲಿ ಬಣ್ಣದ ಹಂಡೆಗಳನ್ನಿಟ್ಟು ಬೀದಿಬೀದಿ ಸುತ್ತುವ ಬಾಗಲಕೋಟೆಗೆ ಅದರ ಗುರುತು ಹೇಳಬೇಕಿಲ್ಲ. ಎತ್ತುಗಳನ್ನು ಸಿಂಗರಿಸಿ ಓಡಿಸುವ ದಿನ ಕಾರಹುಣ್ಣಿಮೆ. ಮಾಸದ ಹೆಸರು ಹಿಂದೆ ಸರಿಯಿತು. ದೇವಿಯ ಬನ, ಬಣ್ಣದ ಬಂಡಿ, ರೈತನ ಎತ್ತು ಮುಂದೆ ಬಂದವು.

ಆದುದರಿಂದ ಮೊಟಕು ಹೆಸರು ಮರೆವಿನ ಗುರುತಲ್ಲ, ಬಳಕೆಯ ಗುರುತು. ಹೇಳುವವನಿಗೂ ಕೇಳುವವನಿಗೂ ಉಳಿದರ್ಧ ಗೊತ್ತಿದ್ದರೆ ಮಾತ್ರ ಅದು ನಡೆದೀತು. ಚಿಂತಿಸಬೇಕಾದುದು "ಯಾವ ಪಂಚಮಿ?" ಎಂದು ಮನೆಯ ಮಕ್ಕಳು ಕೇಳುವ ದಿನದ ಬಗೆಗೆ. ಅಚ್ಚಿನ ಪಂಚಾಂಗ ಪುಷ್ಯ ಪೂರ್ಣಿಮೆಯನ್ನು ಕಾದಿಟ್ಟುಕೊಳ್ಳುತ್ತದೆ. ಬನದ ಹುಣ್ಣಿಮೆಯನ್ನು ಕಾಯಬೇಕಾದವರು ಮನೆಯವರೇ.