ಹಳೇ ಆರ್‌ಟಿಒಎಸ್‌ನಿಂದ ಲಿನಕ್ಸ್‌ಗೆ: ಏನು ಬದಲಾಗುತ್ತೆ, ಕೋಡ್ ಯಾರ ಕೈಗೆ ಬರುತ್ತೆ?

ಮಟಮಾರಿ ಸ್ಟೇಷನ್‌ನಲ್ಲಿ ಟಿಕೆಟ್ ಕೊಡೋ ಕಂಪ್ಯೂಟರ್ ಎರಡು ಸೆಕೆಂಡ್ ತಡ ಮಾಡಿದರೆ ಸಾಲಲ್ಲಿ ನಿಂತವರು ಗೊಣಗಬಹುದು, ಅಷ್ಟೇ. ಅದೇ ರಾಯಚೂರು ಜಿಲ್ಲೆಯ ಶಕ್ತಿನಗರದ 1,720 ಮೆಗಾವ್ಯಾಟ್ ಶಾಖೋತ್ಪನ್ನ ಸ್ಥಾವರದಲ್ಲಿ ಟರ್ಬೈನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತೆ. ಲೋಡ್ ಏಕಾಏಕಿ ತಪ್ಪಿದರೆ ವೇಗ ಹದ್ದು ಮೀರುತ್ತೆ. ಉಗಿಯ ವಾಲ್ವ್ ಮುಚ್ಚಲು ಎರಡು ಸೆಕೆಂಡ್ ಕಾಯೋಕಾಗಲ್ಲ. ಇಂಥ ಕಡೆ ಉತ್ತರ ಸರಿಯಾಗಿದ್ದರೆ ಸಾಲದು, ಗಡುವಿನೊಳಗೆ ಬರಬೇಕು. ಈ ಅಗತ್ಯಕ್ಕೆ ಹುಟ್ಟಿದ್ದೇ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂ, ಅಂದರೆ ಆರ್‌ಟಿಒಎಸ್.

ಬದಲಾಯಿಸೋದು ಯಾಕೆ?

ವಿಎಕ್ಸ್‌ವರ್ಕ್ಸ್, ಪಿಎಸ್‌ಒಎಸ್‌ನಂಥವು ಖಾಸಗಿ ಕಂಪನಿಗಳ ಸ್ವತ್ತು. 2000ರಲ್ಲಿ ವಿಂಡ್ ರಿವರ್ ಕಂಪನಿ ಪಿಎಸ್‌ಒಎಸ್ ತಯಾರಕರನ್ನೇ ಕೊಂಡುಕೊಂಡಿತು. ಪಿಎಸ್‌ಒಎಸ್ ಬೆಳವಣಿಗೆ ನಿಂತಿತು. ಅದನ್ನು ನಂಬಿ ವರ್ಷಗಟ್ಟಲೆ ಕೋಡ್ ಬರೆದವರು ಬೇರೆ ದಾರಿ ಹುಡುಕಬೇಕಾಯಿತು. ಯಂತ್ರ ದಶಕಗಳ ಕಾಲ ಬಾಳುತ್ತೆ, ಕಂಪನಿಯ ಮನಸ್ಸು ಬದಲಾಗೋಕೆ ಒಂದು ದಿನ ಸಾಕು.

ಲಿನಕ್ಸ್ ಮುಕ್ತ. ಆದರೆ ಸಮಯದ ಖಾತರಿ ಕೊಡೋದು ಅದರ ಗುರಿಯಾಗಿರಲಿಲ್ಲ. ಆ ಕೊರತೆ ತುಂಬುವ ಪ್ರಿಎಂಪ್ಟ್-ಆರ್‌ಟಿ ತಿದ್ದುಪಡಿಗಳು ಸುಮಾರು 20 ವರ್ಷ ಹೊರಗೇ ಬೆಳೆದು, 2024ರ ನವೆಂಬರ್‌ನಲ್ಲಿ ಬಂದ 6.12 ಆವೃತ್ತಿಯ ಮೂಲಕ ಮುಖ್ಯ ಕರ್ನಲ್ ಸೇರಿದವು.

ಕಷ್ಟ ಎಲ್ಲಿ?

ಮೆಮೊರಿ: ಹಳೇ ಆರ್‌ಟಿಒಎಸ್‌ನಲ್ಲಿ ಎಲ್ಲ ಟಾಸ್ಕ್‌ಗಳೂ ಒಂದೇ ಅಂಗಳದಲ್ಲಿ ಆಡುತ್ತವೆ. ಲಿನಕ್ಸ್‌ನಲ್ಲಿ ಪ್ರತಿ ಪ್ರೋಸೆಸ್‌ಗೂ ಗೋಡೆ ಇದೆ. ಹಾಗಾಗಿ ಮೊದಲ ಹಂತದಲ್ಲಿ ಟಾಸ್ಕ್‌ಗಳನ್ನು ಒಂದೇ ಪ್ರೋಸೆಸ್‌ನ ಥ್ರೆಡ್‌ಗಳಾಗಿ ಮಾಡೋದು ರೂಢಿ.

ಆದ್ಯತೆ: ವಿಎಕ್ಸ್‌ವರ್ಕ್ಸ್‌ನಲ್ಲಿ 0 ಅತಿ ಮುಖ್ಯ, 255 ಕೊನೆ. ಲಿನಕ್ಸ್‌ನ ರಿಯಲ್-ಟೈಮ್ ಥ್ರೆಡ್‌ಗಳಲ್ಲಿ 99 ಮೇಲು, 1 ಕೆಳಗೆ. ಸಂಖ್ಯೆಗಳನ್ನು ಹಾಗೇ ನಕಲು ಮಾಡಿದರೆ ಲೆಕ್ಕ ತಲೆಕೆಳಗು.

ಲಾಕ್: 1997ರಲ್ಲಿ ಮಂಗಳದ ಮೇಲೆ ನಾಸಾದ ಪಾತ್‌ಫೈಂಡರ್ ಮತ್ತೆ ಮತ್ತೆ ರೀಸೆಟ್ ಆಯಿತು. ಅದರಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್. ಕಡಿಮೆ ಆದ್ಯತೆಯ ಟಾಸ್ಕ್ ಲಾಕ್ ಹಿಡಿದಿತ್ತು, ಮುಖ್ಯ ಟಾಸ್ಕ್ ಅದಕ್ಕಾಗಿ ಕಾಯುತ್ತಾ ಗಡುವು ತಪ್ಪಿಸಿತ್ತು. 'ಆದ್ಯತೆಯ ಉತ್ತರಾಧಿಕಾರ' ಅನ್ನೋ ಆಯ್ಕೆಯನ್ನು ಆನ್ ಮಾಡಿದ ಮೇಲೆ ಸರಿಹೋಯಿತು. ಲಿನಕ್ಸ್‌ನಲ್ಲೂ ಈ ಆಯ್ಕೆಯನ್ನು ನಾವೇ ಕೇಳಿ ಪಡೀಬೇಕು.

ಹಾರ್ಡ್‌ವೇರ್: ರಿಜಿಸ್ಟರ್‌ಗೆ ನೇರ ಕೈ ಹಾಕೋದು, ಇಂಟರಪ್ಟ್ ನಿಲ್ಲಿಸಿ ಕೆಲಸ ಮುಗಿಸೋದು ಹಳೇ ಅಭ್ಯಾಸ. ಲಿನಕ್ಸ್‌ನಲ್ಲಿ ಆ ಭಾಗವನ್ನು ಡ್ರೈವರ್ ಆಗಿ ಮತ್ತೆ ಬರೀಬೇಕು. ಹಳೇ ಕರೆಗಳನ್ನು ಅನುಕರಿಸುವ ಕ್ಸೆನೊಮೈನಂಥ ಸಾಧನಗಳಿವೆ, ಆದರೆ ಈ ಕೆಲಸವನ್ನು ಅವು ತಪ್ಪಿಸಲ್ಲ.

ಎಲ್ಲವನ್ನೂ ಸಾಗಿಸಬೇಕಾ?

ಬೇಡ. ರೈಲ್ವೆಯ 'ಕವಚ್' ವ್ಯವಸ್ಥೆಗೆ ಸುರಕ್ಷತೆಯ ಅತ್ಯುನ್ನತ ಮಟ್ಟವಾದ ಎಸ್‌ಐಎಲ್-4 ಪ್ರಮಾಣಪತ್ರ ಬೇಕು. ಕೋಟಿಗಟ್ಟಲೆ ಸಾಲುಗಳ ಲಿನಕ್ಸ್ ಕರ್ನಲ್‌ಗೆ ಅಂಥ ಪ್ರಮಾಣಪತ್ರ ಪಡೆಯೋದು ಬಲು ಕಷ್ಟ. ಪ್ರಾಣಕ್ಕೆ ಸಂಬಂಧಿಸಿದ ಸಣ್ಣ ಭಾಗ ಆರ್‌ಟಿಒಎಸ್‌ನಲ್ಲೇ ಇರಲಿ. ನೆಟ್‌ವರ್ಕ್, ಪರದೆ, ದಾಖಲೆಗಳು ಲಿನಕ್ಸ್‌ಗೆ ಹೋಗಲಿ. ಇದು ಜಾಣತನದ ಹಂಚಿಕೆ.

ನಮಗ್ಯಾಕೆ ಈ ಮಾತು?

ವಿದ್ಯುತ್, ರೈಲು, ನೀರು ನಮ್ಮ ತೆರಿಗೆಯ ಆಸ್ತಿ. ಆದರೆ 'ಲಿನಕ್ಸ್ ಹಾಕಿದ್ದೇವೆ' ಅಂದ ಮಾತ್ರಕ್ಕೆ ಕೋಡ್ ನಮ್ಮದಾಗಲ್ಲ. ಜಿಪಿಎಲ್ ಪ್ರಕಾರ ಸಾಧನ ಕೊಂಡವರಿಗೆ ಕರ್ನಲ್‌ನ ಮೂಲ ಕೋಡ್ ಸಿಗಬೇಕು. ಅದರ ಮೇಲೆ ಓಡೋ ಅಪ್ಲಿಕೇಷನ್ ಮುಚ್ಚಿದ ಪೆಟ್ಟಿಗೆಯಾಗೇ ಉಳಿಯಬಹುದು. ಹಾಗಾಗಿ ಟೆಂಡರ್‌ನಲ್ಲೇ ಮೂರು ಷರತ್ತು ಇರಬೇಕು: ಅಪ್ಲಿಕೇಷನ್‌ನ ಮೂಲ ಕೋಡ್, ಅದನ್ನು ಬಿಲ್ಡ್ ಮಾಡುವ ವಿಧಾನ, ತಿದ್ದುವ ಹಕ್ಕು. ಇವಿಲ್ಲದಿದ್ದರೆ ಹಳೇ ಬೀಗ ಹೋಗಿ ಹೊಸ ಬೀಗ ಬಂದಂತೆ, ಕೀಲಿಕೈ ಮಾತ್ರ ಕಂಪನಿಯ ಜೇಬಲ್ಲೇ.