ಮುನಿಸನ್ನು ಬದಿಗಿಟ್ಟ ವಕೀಲರು

ಅಂತರಂಗ-ಬಹಿರಂಗಗಳ ಶುದ್ಧಿಗಾಗಿ ಬಸವಣ್ಣನವರು ವಿಧಿಸಿದ ಏಳು ನಿಷೇಧಗಳು ನಮಗೆಲ್ಲ ಬಾಯಿಪಾಠವಾಗಿವೆ. ಕಳವು, ಕೊಲೆಗಳಿಂದ ದೂರವಿರುವುದು ಬಹುಪಾಲು ಜನರಿಗೆ ಕಷ್ಟವೇನಲ್ಲ. ಆದರೆ ಕೋಪವನ್ನೂ ಪರರ ಬಗೆಗಿನ ಜಿಗುಪ್ಸೆಯನ್ನೂ ನಿಂದೆಯನ್ನೂ ಅಣ್ಣನವರು ಅದೇ ಸಾಲಿನಲ್ಲಿ ಇರಿಸಿದ್ದಾರೆ. ದೂರುವ ನಾಲಿಗೆಯನ್ನು ಕದಿಯುವ ಕೈಯ ಪಕ್ಕದಲ್ಲಿ ನಿಲ್ಲಿಸಿದ್ದು ಸಾಮಾನ್ಯ ಸಂಗತಿಯಲ್ಲ.

ರೋಣ ತಾಲ್ಲೂಕಿನ ಬೆಳವಣಕಿಯಂತಹ ಎರೆನೆಲದ ಊರುಗಳಲ್ಲಿ ಈ ಶೀಲ ಇನ್ನೂ ಕಠಿಣ. ಮಳೆ ಕೈಕೊಟ್ಟ ವರ್ಷ ಜೋಳ, ಕಡಲೆ ಮನೆ ಸೇರುವುದಿಲ್ಲ. ಕಟ್ಟೆಯ ಮೇಲೆ ಮುಗಿಲನ್ನೂ ಸರಕಾರವನ್ನೂ ದಾಯಾದಿಗಳನ್ನೂ ಬಯ್ಯುವ ಮಾತೇ ಬೆಳೆಯುತ್ತದೆ. ಹಾಗೆಂದು ಶರಣರು ಅನ್ಯಾಯ ಕಂಡು ಬಾಯಿ ಮುಚ್ಚಿರೆಂದು ಹೇಳಿದವರಲ್ಲ. 1980ರ ಜುಲೈ 21ರಂದು ನೆರೆಯ ನರಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ಹೊರೆಯ ವಿರುದ್ಧ ಬೀದಿಗಿಳಿದಾಗ ಗೋಲಿಬಾರು ನಡೆದು ಪ್ರಾಣಹಾನಿಯಾಯಿತು. ಅಂತಹ ಬೇಡಿಕೆಯನ್ನು ನಿಂದೆಯ ಲೆಕ್ಕಕ್ಕೆ ಸೇರಿಸುವುದು ವಚನಕ್ಕೆ ಮಾಡುವ ಅಪಚಾರ. ಹಕ್ಕನ್ನು ಕೇಳುವುದು ಒಂದು, ಕಹಿಯನ್ನು ಎದೆಯಲ್ಲಿ ಸಾಕಿಕೊಳ್ಳುವುದು ಇನ್ನೊಂದು.

ಈ ಎರಡರ ಅಂತರವನ್ನು ಬಾಳಿ ತೋರಿದವರು ಡಾ. ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ವಿಜಾಪುರದಲ್ಲಿ ವಕೀಲರಾದರು. ಪರರ ದೂರುಗಳನ್ನು ನ್ಯಾಯಾಲಯದ ಮುಂದಿಡುವುದೇ ಅವರ ವೃತ್ತಿ! ಬಿಡುವಿನಲ್ಲಿ ಮಾತ್ರ ಮನೆಮನೆ, ಮಠಮಠ ತಿರುಗಿ ವಚನಗಳ ತಾಳೆಗರಿಗಳನ್ನು ಸಂಗ್ರಹಿಸಿದರು. ಆ ಗರಿಗಳಲ್ಲಿ ಪದ ಪದಗಳ ನಡುವೆ ಬಿಡುವಿರುವುದಿಲ್ಲ. ಎಲ್ಲಿ ಒಡೆಯಬೇಕು, ಎಲ್ಲಿ ಕೂಡಿಸಬೇಕು ಎಂಬುದು ಓದುವವನ ತಾಳ್ಮೆಗೆ ಬಿಟ್ಟದ್ದು. ಮನಸ್ಸು ಕುದಿಯುತ್ತಿದ್ದರೆ ಒಂದು ಸಾಲೂ ಬಿಡಿಸಲಾಗದು.

ಅಚ್ಚಿಗೆ ಸಿದ್ಧವಾದ ಹಸ್ತಪ್ರತಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಹೋಯಿತು, ಅಚ್ಚಾಗದೆ ಹಿಂದಿರುಗಿತು. ಏಕೆಂಬುದಕ್ಕೆ ನಾನಾ ಕಥೆಗಳಿವೆ. ಅವನ್ನು ಹೇಳುತ್ತ ಆ ಮುದ್ರಣಾಲಯವನ್ನು ಇಂದಿಗೂ ದೂರುವ ಭಾಷಣಕಾರರು ನಮ್ಮಲ್ಲಿದ್ದಾರೆ. ಹಳಕಟ್ಟಿಯವರು ದಾರಿ ಬದಲಿಸಿದರು. ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. ಇನ್ನೊಬ್ಬರ ಯಂತ್ರವನ್ನೇ ನೆಚ್ಚಿದರೆ ಕೆಲಸ ಸಾಗದೆಂದು ಕಂಡಾಗ ಸ್ವಂತ ಮನೆಯನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು.

ಇದನ್ನು ಬರಿಯ ಸಹನೆ ಎನ್ನಲಾಗದು. ಸಹನೆ ಕೈಕಟ್ಟಿ ಕುಳಿತಿರಲೂಬಹುದು. ಇಲ್ಲಿ ಮುನಿಸಿಗೆ ವ್ಯಯವಾಗಬಹುದಾಗಿದ್ದ ಶಕ್ತಿಯೆಲ್ಲ ದಿನದಿನದ ಕಾಯಕಕ್ಕೆ ಹರಿದಿದೆ: ಪ್ರತಿಗಳನ್ನು ಹೋಲಿಸುವುದು, ಕರಡು ತಿದ್ದುವುದು, ಮುಂದಿನ ಸಂಚಿಕೆಗೆ ಹಣ ಹೊಂದಿಸುವುದು. ನಿಯಮವೆಂದರೆ ಹೆಚ್ಚಿನವರಿಗೆ ಉಪವಾಸ, ಜಾಗರಣೆಗಳು ನೆನಪಾಗುತ್ತವೆ. ಮರಳಿ ಬಂದ ಕಟ್ಟನ್ನು ಬಿಚ್ಚಿ ಮತ್ತೆ ಮೊದಲ ಪುಟದಿಂದ ಕೂರುವುದೂ ನಿಯಮವೇ.

1964ರ ಜೂನ್ 29ರಂದು ಹಳಕಟ್ಟಿಯವರು ಲಿಂಗೈಕ್ಯರಾದರು. 1993ರಲ್ಲಿ ಕರ್ನಾಟಕ ಸರಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಅದರ ಸಂಪಾದಕರು ನಡೆದ ದಾರಿಯನ್ನು ಮೊದಲು ಸವೆಸಿದವರಲ್ಲಿ ಮನೆ ಮಾರಿದ ಈ ವಕೀಲರೂ ಒಬ್ಬರು.