ಮತವಿಲ್ಲದವರ ವಕಾಲತ್ತು

ನಮ್ಮ ಯಾವ ಊರಿನ ರಸ್ತೆಯಲ್ಲಿ ನಿಂತರೂ ಈ ದೃಶ್ಯ ಕಣ್ಣಿಗೆ ಬೀಳುತ್ತದೆ. ಸ್ಕೂಟರಿನ ಮುಂದೆ ಹ್ಯಾಂಡಲ್ ಹಿಡಿದು ನಿಂತ ನಾಲ್ಕೈದು ವರ್ಷದ ಹುಡುಗ. ಅವನ ಹಿಂದೆ ಅಪ್ಪ. ಅಪ್ಪನ ಹಿಂದೆ, ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತ ಅಮ್ಮ. ಅವಳ ಮಡಿಲಲ್ಲಿ, ಸೆರಗಿನ ಮರೆಯಲ್ಲಿ ನಿದ್ದೆ ಹೋದ ಕೂಸು. ಹೆಲ್ಮೆಟ್ ಇದ್ದರೆ ಅದು ಅಪ್ಪನ ತಲೆಯ ಮೇಲೆ ಮಾತ್ರ. ಮುಂದೆ ನಿಂತ ಹುಡುಗನನ್ನು ಕಂಡು ಯಾರಾದರೂ ಅಯ್ಯೋ ಎಂದಾರು. ಆದರೆ ಆ ಕೂಸಿನ ಬಗ್ಗೆ ಯಾರಿಗೂ ಆತಂಕವಾಗುವುದಿಲ್ಲ. ಅದು ತಾಯಿಯ ಮಡಿಲಲ್ಲಿದೆಯಲ್ಲ, ಅದಕ್ಕಿಂತ ಸುರಕ್ಷಿತವಾದ ಜಾಗ ಇನ್ನಾವುದಿದೆ?

ಇದೇ ಪ್ರಶ್ನೆ ಸುಮಾರು ಐವತ್ತು ವರ್ಷಗಳ ಹಿಂದೆ ಅಮೆರಿಕದ ಟೆನ್ನೆಸ್ಸೀ ಎಂಬ ರಾಜ್ಯದ ಶಾಸನಸಭೆಯಲ್ಲಿ ಎದ್ದಿತ್ತು. ಅಲ್ಲಿ ಓಡುತ್ತಿದ್ದುದು ಸ್ಕೂಟರುಗಳಲ್ಲ, ಕಾರುಗಳು. ಆದರೆ ಮಡಿಲಿನ ಮೇಲಿನ ನಂಬಿಕೆ ನಮ್ಮದೇ. ಆ ನಂಬಿಕೆಗೆ ಎದುರಾಗಿ ನಿಂತವರು ಒಬ್ಬ ಮಕ್ಕಳ ವೈದ್ಯರು. ಮದ್ದು ಕೊಡಬೇಕಾದ ಡಾಕ್ಟರರಿಗೆ ಶಾಸಕರ ಮನೆಬಾಗಿಲಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಹುಡುಕಲು ತುಸು ಹಿಂದಕ್ಕೆ ಹೋಗಬೇಕು.

ಅಮೆರಿಕದಲ್ಲಿ ಮಕ್ಕಳ ವೈದ್ಯಶಾಸ್ತ್ರದ ಪಿತಾಮಹನೆಂದು ಹೆಸರಾದ ಅಬ್ರಹಾಂ ಜೇಕೋಬಿ ಮೂಲತಃ ಜರ್ಮನಿಯ ಯಹೂದಿ. 1848ರ ಕ್ರಾಂತಿಯ ಕಾಲದ ಯುವಕ. ರಾಜದ್ರೋಹದ ಆರೋಪ ಹೊತ್ತು, ಜೈಲು ಕಂಡು, 1853ರಲ್ಲಿ ನ್ಯೂಯಾರ್ಕಿಗೆ ಬಂದಿಳಿದರು. ಅಲ್ಲಿಯ ಬಡವರ ಕೇರಿಗಳಲ್ಲಿ ಬೇಸಿಗೆ ಬಂತೆಂದರೆ ಕೂಸುಗಳು ಭೇದಿಯಿಂದ ಸಾಯುತ್ತಿದ್ದವು. ಹಾಲು ಕೊಳಕಾಗಿರುವ ತನಕ ಔಷಧಿಯ ಸೀಸೆಯಿಂದ ಏನೂ ಆಗದು ಎಂಬುದನ್ನು ಅವರು ಕಂಡುಕೊಂಡರು. ಮಗುವಿನ ಕಾಯಿಲೆಯ ಬೇರು ಅನೇಕ ಸಲ ಮಗುವಿನ ಮೈಯಲ್ಲಿ ಇರುವುದಿಲ್ಲ. ಹಾಲಿನ ವ್ಯಾಪಾರದಲ್ಲಿ, ಮನೆಯ ಬಾಡಿಗೆಯಲ್ಲಿ, ಊರಿನ ಚರಂಡಿಯಲ್ಲಿ ಇರುತ್ತದೆ. ಅಲ್ಲಿಗೆ ಕೈ ಹಾಕಬೇಕೆಂದರೆ ಕಾನೂನು ಬೇಕು.

ಈ ತಿಳಿವಳಿಕೆ ವೈದ್ಯರ ನಡುವೆಯೇ ಜಗಳ ಹುಟ್ಟಿಸಿತು. ತಾಯಿ ಮತ್ತು ಶಿಶುಗಳ ಆರೋಗ್ಯಕ್ಕೆ ಸರ್ಕಾರದ ಹಣ ಒದಗಿಸುವ ಷೆಪರ್ಡ್–ಟೌನರ್ ಕಾಯ್ದೆ 1921ರಲ್ಲಿ ಬಂತು. ಕೇಂದ್ರದ ಹಣ ಬೇಕೆಂದರೆ ಪ್ರತಿಯೊಂದು ರಾಜ್ಯದ ಶಾಸನಸಭೆಯೂ ಒಪ್ಪಿಗೆ ಕೊಟ್ಟು ತನ್ನ ಪಾಲನ್ನೂ ಸೇರಿಸಬೇಕಿತ್ತು. ಬಹುಪಾಲು ರಾಜ್ಯಗಳು ಒಪ್ಪಿದವು. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ಇಲಿನಾಯ್ ಈ ಮೂರು ಮಾತ್ರ ಒಲ್ಲೆವೆಂದವು. ದೇಶದ ಪ್ರಬಲ ವೈದ್ಯ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಕೂಡ, ಇದು ವೈದ್ಯರ ವೃತ್ತಿಯಲ್ಲಿ ಸರ್ಕಾರದ ಹಸ್ತಕ್ಷೇಪವೆಂದು ಕಾಯ್ದೆಯನ್ನು ಖಂಡಿಸಿತು. 1922ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸಂಘದ ಸಮ್ಮೇಳನ ನಡೆದಾಗ ಅದೇ ಸಂಘದ ಮಕ್ಕಳ ವೈದ್ಯರ ವಿಭಾಗ ಕಾಯ್ದೆಯನ್ನು ಬೆಂಬಲಿಸಿ ನಿರ್ಣಯ ಮಾಡಿತು. ಹಿರಿಯರು ಛೀಮಾರಿ ಹಾಕಿದರು. ಆ ಮುನಿಸು ಆರಲಿಲ್ಲ. 1930ರಲ್ಲಿ ಮೂವತ್ತೈದು ಮಂದಿ ಮಕ್ಕಳ ವೈದ್ಯರು ಡೆಟ್ರಾಯಿಟ್‌ನಲ್ಲಿ ಸೇರಿ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ತಮ್ಮದೇ ಸಂಸ್ಥೆ ಕಟ್ಟಿದರು. ಕಾಯ್ದೆ ಅದಕ್ಕೂ ಮೊದಲೇ, 1929ರಲ್ಲಿ, ಕೊನೆಯುಸಿರೆಳೆದಿತ್ತು. ಆದರೆ ಮಕ್ಕಳ ವೈದ್ಯನೆಂದರೆ ಮಕ್ಕಳ ಪರವಾಗಿ ವಕಾಲತ್ತು ವಹಿಸುವವನೂ ಹೌದು ಎಂಬ ಮಾತು ಉಳಿಯಿತು.

ಆ ಮಾತಿಗೆ ದೊಡ್ಡ ಪರೀಕ್ಷೆ ಬಂದದ್ದು ಕಾರುಗಳ ಕಾಲದಲ್ಲಿ. ಲಸಿಕೆಗಳು ಬಂದವು, ಪೆನಿಸಿಲಿನ್ ಬಂತು. ಗಂಟಲುಮಾರಿ, ಪೋಲಿಯೋ ಹಿಂದೆ ಸರಿದವು. ವೈದ್ಯರು ಸಮಾಧಾನದ ಉಸಿರು ಬಿಡುವ ಹೊತ್ತಿಗೆ ಲೆಕ್ಕದ ಪುಸ್ತಕದಲ್ಲಿ ಬೇರೊಂದು ಹೆಸರು ಮೇಲಕ್ಕೆ ಬಂದಿತ್ತು. ಒಂದು ವರ್ಷ ದಾಟಿದ ಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೊಲ್ಲುತ್ತಿದ್ದುದು ಈಗ ಯಾವ ರೋಗಾಣುವೂ ಅಲ್ಲ, ಅಪಘಾತ. ನ್ಯೂಜೆರ್ಸಿಯ ಮಕ್ಕಳ ವೈದ್ಯ ಸೀಮೋರ್ ಚಾರ್ಲ್ಸ್ 1965ರಲ್ಲಿ ವಾಹನ ಸುರಕ್ಷತೆಗಾಗಿ ವೈದ್ಯರದೇ ಒಂದು ಸಂಘಟನೆ ಕಟ್ಟಿದರು. 1968ರಿಂದ ಹೊಸ ಕಾರುಗಳಲ್ಲಿ ಸೀಟ್ ಬೆಲ್ಟ್ ಕಡ್ಡಾಯವಾಯಿತು. ಆದರೆ ಆ ಬೆಲ್ಟ್ ದೊಡ್ಡವರ ಅಳತೆಯದು. ಆರು ತಿಂಗಳ ಕೂಸಿಗೆ ಅದರಿಂದ ಏನು ಪ್ರಯೋಜನ? 1975ರಲ್ಲಿ ಚಾರ್ಲ್ಸ್ ಮತ್ತು ಅವರ ಸಹೋದ್ಯೋಗಿ ಆನ್‌ಮರಿ ಶೆಲ್ನೆಸ್, ಕಾರಿನಲ್ಲಿ ಕೂತ ಮಗು ಯಾರ ಗಮನಕ್ಕೂ ಬಾರದ ಅಲ್ಪಸಂಖ್ಯಾತ ಎಂಬರ್ಥದ ತಲೆಬರಹದಡಿ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು.

ಅದನ್ನು ಓದಿ ಸುಮ್ಮನಿರಲಾಗದ ಓದುಗರೊಬ್ಬರು ಟೆನ್ನೆಸ್ಸೀಯ ಮರ್ಫ್ರೀಸ್‌ಬರೊ ಎಂಬ ಪುಟ್ಟ ಊರಿನಲ್ಲಿದ್ದರು. ಅವರು ರಾಬರ್ಟ್ ಸ್ಯಾಂಡರ್ಸ್. 1927ರಲ್ಲಿ ಹುಟ್ಟಿದ, ಅದೇ ರಾಜ್ಯದ ಮಗ. ರುದರ್‌ಫರ್ಡ್ ಕೌಂಟಿಯ ಆರೋಗ್ಯ ಇಲಾಖೆಯ ಮುಖ್ಯಸ್ಥ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಬ್ಬ ಜಿಲ್ಲಾ ಆರೋಗ್ಯಾಧಿಕಾರಿ. ದೊಡ್ಡ ಭಾಷಣಕಾರರಲ್ಲ, ಯಾವ ಪಕ್ಷದ ಮುಖಂಡರೂ ಅಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯುವ ತಂದೆತಾಯಿ ಅವರನ್ನು ಮಕ್ಕಳಿಗೆಂದೇ ಮಾಡಿದ ಸೀಟಿನಲ್ಲಿ ಪಟ್ಟಿ ಕಟ್ಟಿ ಕೂರಿಸಬೇಕು ಎಂಬ ಮಸೂದೆಯನ್ನು 1976ರಲ್ಲಿ ರಾಜಧಾನಿ ನ್ಯಾಶ್‌ವಿಲ್‌ಗೆ ತಂದರು. ಮಸೂದೆ ಸೋತಿತು.

ಸೋಲಿಗೆ ಕಾರಣಗಳಿದ್ದವು. ನನ್ನ ಮಗುವನ್ನು ನನ್ನ ಕಾರಿನಲ್ಲಿ ಹೇಗೆ ಕೂರಿಸಬೇಕೆಂದು ಹೇಳಲು ಸರ್ಕಾರ ಯಾರು, ಎಂಬುದು ಒಂದು ತಕರಾರು. ಮೂರು ನಾಲ್ಕು ಮಕ್ಕಳಿರುವ ಬಡವ ಅಷ್ಟೊಂದು ಸೀಟುಗಳನ್ನು ಎಲ್ಲಿಂದ ಕೊಳ್ಳಬೇಕು, ಎಂಬುದು ಇನ್ನೊಂದು. ಈ ಎರಡನೆಯದು ತಳ್ಳಿಹಾಕುವಂಥದ್ದಲ್ಲ. ಕಾನೂನು ಮಾಡುವವರು ಬಡವನ ಜೇಬನ್ನು ಮರೆತರೆ ಆ ಕಾನೂನು ದಂಡ ವಸೂಲಿಯ ರಸೀದಿ ಪುಸ್ತಕವಾಗಿಬಿಡುತ್ತದೆ. ಮುಂದೆ ಆರೋಗ್ಯ ಇಲಾಖೆಗಳು, ಆಸ್ಪತ್ರೆಗಳು, ಊರಿನ ಸೇವಾಸಂಘಗಳು ಸೀಟುಗಳನ್ನು ಎರವಲು ಕೊಡುವ ವ್ಯವಸ್ಥೆ ಮಾಡಿದ್ದು ಈ ತಕರಾರಿಗೆ ಸಿಕ್ಕ ಉತ್ತರ.

ಸ್ಯಾಂಡರ್ಸ್ ಮತ್ತೆ ಕೆಲಸಕ್ಕೆ ಕೂತರು. ಅವರ ಆಯುಧ ಮನೆಯ ಟೆಲಿಫೋನು. ವಾರದ ಕೊನೆಯಲ್ಲಿ ಶಾಸಕರು ತಂತಮ್ಮ ಊರಿಗೆ ಬಂದಿರುವ ಹೊತ್ತು ನೋಡಿ ಕರೆ ಮಾಡುತ್ತಿದ್ದರು. ಯಾವ ಶಾಸಕನ ಕ್ಷೇತ್ರದಲ್ಲಿ ಯಾವ ಮಕ್ಕಳ ವೈದ್ಯರಿದ್ದಾರೆಂದು ನೋಡಿ, ಅವರಿಂದಲೂ ಮಾತಾಡಿಸುತ್ತಿದ್ದರು. ಪತ್ನಿ ಪ್ಯಾಟ್ ಈ ಕೆಲಸದಲ್ಲಿ ಜೊತೆಗಿದ್ದರು. ಯೋಚಿಸಿ ನೋಡಿ, ಕಾರು ಕಂಪನಿಗೆ ಹಣವಿದೆ, ರೈತನಿಗೆ ಮತವಿದೆ, ನೌಕರನಿಗೆ ಸಂಘವಿದೆ. ನಾಲ್ಕು ವರ್ಷದೊಳಗಿನವರಿಗೆ ಇವು ಯಾವುವೂ ಇಲ್ಲ. ಅವರ ಪರವಾಗಿ ಆ ಫೋನು ರಿಂಗಣಿಸುತ್ತಿತ್ತು.

1977ರಲ್ಲಿ ಮಸೂದೆ ಗೆದ್ದಿತು. ಗವರ್ನರ್ ರೇ ಬ್ಲಾಂಟನ್ ಸಹಿ ಹಾಕಿದರು. 1978ರ ಜನವರಿ 1ರಿಂದ ಜಾರಿಗೆ ಬಂದ ಅದು ಅಮೆರಿಕದಲ್ಲೇ ಮೊದಲನೆಯದು. ದಂಡವೂ ಅಲ್ಪ, ಹತ್ತು ಡಾಲರಿನ ಒಳಗೆ. ಆದರೆ ಗೆಲ್ಲುವ ಹೊತ್ತಿಗೆ ಮಸೂದೆಯ ಹೊಟ್ಟೆಯೊಳಗೆ ಒಂದು ತಿದ್ದುಪಡಿ ಸೇರಿಕೊಂಡಿತ್ತು: ಮಗುವನ್ನು ದೊಡ್ಡವರು ತೋಳಲ್ಲಿ ಎತ್ತಿಕೊಂಡು ಕೂತಿದ್ದರೆ ಸೀಟು ಬೇಕಿಲ್ಲ. ತಾಯಿಯ ಮಡಿಲಿಗೆ ಕಾನೂನು ತಲೆಬಾಗಿತ್ತು. ಇದನ್ನು ತಂದವರಲ್ಲಿ ಕೆಡುಕಿನ ಉದ್ದೇಶ ಇದ್ದಿರಲಾರದು. ಮಡಿಲಿಗಿಂತ ಹೆಚ್ಚಿನ ರಕ್ಷಣೆ ಇದೆ ಎಂಬುದನ್ನು ಅವರ ಮನಸ್ಸು ಒಪ್ಪಲೇ ಇಲ್ಲ.

ಸ್ಯಾಂಡರ್ಸ್ ಈ ತಿದ್ದುಪಡಿಗೆ ಇಟ್ಟ ಹೆಸರು ಮಾತ್ರ ಕಠೋರವಾಗಿತ್ತು. ಮಗುವನ್ನು ಜಜ್ಜುವ ತಿದ್ದುಪಡಿ ಎಂದು ಅದನ್ನು ಕರೆದರು. ಏಕೆಂದರೆ ಲೆಕ್ಕ ಹಾಗಿದೆ. ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಗುದ್ದಿ ನಿಂತರೆ ಒಳಗಿರುವವರು ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತಾರೆ. ಮೂರಂತಸ್ತಿನ ಮಹಡಿಯಿಂದ ಬಿದ್ದ ಹಾಗೆ. ಆ ಕ್ಷಣದಲ್ಲಿ ಐದು ಕಿಲೋ ತೂಕದ ಕೂಸು ನೂರು, ನೂರೈವತ್ತು ಕಿಲೋದಷ್ಟು ಭಾರವಾಗಿ ತೋಳನ್ನು ಕಿತ್ತುಕೊಂಡು ಹೋಗುತ್ತದೆ. ಯಾವ ತಾಯಿಯ ತೋಳಿಗೂ ಅಷ್ಟು ಬಲವಿಲ್ಲ. ತಾಯಿಯೂ ಬೆಲ್ಟ್ ಕಟ್ಟಿಕೊಂಡಿಲ್ಲವಾದರೆ ಅವಳ ಮೈ ಕೂಡ ಮುಂದಕ್ಕೆ ನುಗ್ಗುತ್ತದೆ. ಅವಳಿಗೂ ಕಾರಿನ ಡ್ಯಾಶ್‌ಬೋರ್ಡಿಗೂ ನಡುವೆ ಇರುವುದು ಅವಳದೇ ಕೂಸು. ಈ ವಾಕ್ಯ ಬರೆಯುವಾಗ ಕೈ ಹಿಂಜರಿಯುತ್ತದೆ. ಹಾಗಿರುವಾಗ ತುಂಬಿದ ಸಭೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟವಿದ್ದೀತು!

ಇಂಥ ಅರ್ಧ ಕಾನೂನನ್ನು ಒಪ್ಪಬೇಕೇ, ತಿರಸ್ಕರಿಸಬೇಕೇ? ಸಮಾಜದ ಕೆಲಸಕ್ಕಿಳಿದವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು. ತಿರಸ್ಕರಿಸಿದ್ದರೆ ಸ್ಯಾಂಡರ್ಸ್ ಅವರ ಮಾತಿಗೆ ಕಳಂಕವಿರುತ್ತಿರಲಿಲ್ಲ; ಆದರೆ ಒಂದು ಮಗುವೂ ಸೀಟಿನಲ್ಲಿ ಕೂರುತ್ತಿರಲಿಲ್ಲ. ಅವರು ಒಪ್ಪಿಕೊಂಡರು. ಒಪ್ಪಿಕೊಂಡು ಮನೆಗೆ ಹೋಗಿ ಮಲಗಲಿಲ್ಲ, ಲೆಕ್ಕ ಇಡಲು ಕೂತರು. ಯಾವ ಅಪಘಾತದಲ್ಲಿ ಮಗು ಎಲ್ಲಿತ್ತು, ಸೀಟಿನಲ್ಲೋ, ಮಡಿಲಲ್ಲೋ? ಬದುಕಿತೋ, ಇಲ್ಲವೋ? ಮೂರು ವರ್ಷದ ದಾಖಲೆ ಕೂಡಿಕೊಂಡ ಮೇಲೆ ಮತ್ತೆ ಶಾಸನಸಭೆಯ ಮೆಟ್ಟಿಲು ಹತ್ತಿದರು. 1981ರಲ್ಲಿ ಮಡಿಲಿನ ವಿನಾಯಿತಿ ರದ್ದಾಯಿತು.

ಅಷ್ಟರಲ್ಲಿ ಟೆನ್ನೆಸ್ಸೀಯ ಸುದ್ದಿ ಬೇರೆ ರಾಜ್ಯಗಳಿಗೂ ಹಬ್ಬಿತ್ತು. ಅಲ್ಲಲ್ಲಿಯ ಮಕ್ಕಳ ವೈದ್ಯರು ತಮ್ಮ ತಮ್ಮ ಶಾಸಕರ ಬಾಗಿಲು ತಟ್ಟಿದರು. 1985ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಇಂಥ ಕಾನೂನು ಬಂದಿತ್ತು. ದೊಡ್ಡವರು ಬೆಲ್ಟ್ ಕಟ್ಟಿಕೊಳ್ಳಬೇಕೆಂಬ ಕಾನೂನನ್ನು ಆ ದೇಶದಲ್ಲಿ ಮೊದಲಿಗೆ ಮಾಡಿದ್ದು ನ್ಯೂಯಾರ್ಕ್, ಅದೂ 1984ರಲ್ಲಿ. ಅಂದರೆ ಈ ಒಂದು ವಿಷಯದಲ್ಲಿ ಮಕ್ಕಳು ದೊಡ್ಡವರಿಗೆ ದಾರಿ ತೋರಿಸಿದರು. ಸರಿಯಾಗಿ ಕಟ್ಟಿದ ಸೀಟು ಕಾರು ಅಪಘಾತದಲ್ಲಿ ವರ್ಷದೊಳಗಿನ ಕೂಸು ಸಾಯುವ ಸಂಭವವನ್ನು ಶೇಕಡಾ 71ರಷ್ಟು, ಒಂದರಿಂದ ನಾಲ್ಕು ವರ್ಷದ ಮಕ್ಕಳದ್ದನ್ನು ಶೇಕಡಾ 54ರಷ್ಟು ಇಳಿಸುತ್ತದೆಂದು ಅಲ್ಲಿಯ ಹೆದ್ದಾರಿ ಸುರಕ್ಷತಾ ಇಲಾಖೆ ಅಂದಾಜು ಮಾಡಿದೆ. 1975ರಿಂದ 2017ರವರೆಗೆ ಹೀಗೆ ಉಳಿದ ಪುಟ್ಟ ಜೀವಗಳು ಹನ್ನೊಂದು ಸಾವಿರಕ್ಕೂ ಹೆಚ್ಚು.

ಇದೇ ದಾರಿಯಲ್ಲಿ ನಡೆದ ಇನ್ನೊಂದು ಕೆಲಸವನ್ನೂ ನೆನೆಯಬೇಕು. ಸಿಯಾಟಲ್‌ನ ಮಕ್ಕಳ ವೈದ್ಯ ಕೆನೆತ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಮನೆಮನೆಯ ನಲ್ಲಿಗೆ ಥರ್ಮಾಮೀಟರ್ ಹಿಡಿದರು. 1977ರಲ್ಲಿ ನೂರಕ್ಕೆ ಎಂಬತ್ತು ಮನೆಗಳ ಬಿಸಿನೀರು 54 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಸ್ನಾನದ ತೊಟ್ಟಿಯಲ್ಲೇ ಮಕ್ಕಳ ಚರ್ಮ ಬೆಂದುಹೋಗುತ್ತಿತ್ತು. 1983ರಲ್ಲಿ ವಾಷಿಂಗ್ಟನ್ ರಾಜ್ಯ, ಹೊಸ ಗೀಸರುಗಳನ್ನು 49 ಡಿಗ್ರಿಗೆ ಇಟ್ಟು ಅಳವಡಿಸಬೇಕೆಂದು ಕಾನೂನು ಮಾಡಿತು. ಐದು ವರ್ಷದ ಬಳಿಕ ಮತ್ತೆ ಅಳೆದಾಗ ನೂರಕ್ಕೆ ಎಪ್ಪತ್ತೇಳು ಮನೆಗಳ ನೀರು 54ಕ್ಕಿಂತ ಕೆಳಗಿತ್ತು. ನಲ್ಲಿಯ ಬಿಸಿನೀರಿನಿಂದ ಸುಟ್ಟು ಆಸ್ಪತ್ರೆ ಸೇರುವ ಮಕ್ಕಳು ಅರ್ಧಕ್ಕಿಂತ ಕಡಿಮೆಯಾಗಿದ್ದರು.

ಹಾಗೆಂದು ವೈದ್ಯರು ಹೇಳಿದ್ದೆಲ್ಲ ವೇದವಾಕ್ಯವಲ್ಲ. ಕೂಸನ್ನು ಬೋರಲಾಗಿ ಮಲಗಿಸಿ ಎಂದು ಎರಡು ಮೂರು ತಲೆಮಾರಿನ ತಾಯಂದಿರಿಗೆ ಬುದ್ಧಿ ಹೇಳಿದವರೂ ಮಕ್ಕಳ ವೈದ್ಯರೇ. ನಿದ್ದೆಯಲ್ಲೇ ತೀರಿಹೋಗುವ ಕೂಸುಗಳಲ್ಲಿ ಬೋರಲು ಮಲಗಿದವೇ ಹೆಚ್ಚೆಂದು ತಿಳಿದ ಮೇಲೆ, 1992ರಲ್ಲಿ ಅಮೆರಿಕದ ಅಕಾಡೆಮಿ ತನ್ನ ಮಾತನ್ನು ಬದಲಿಸಿತು. ಪ್ರೀತಿ ತಪ್ಪಬಹುದು, ವಿದ್ಯೆಯೂ ತಪ್ಪಬಹುದು. ಎರಡನ್ನೂ ತಿದ್ದಿದ್ದು ಪ್ರಾಮಾಣಿಕವಾಗಿ ಇಟ್ಟ ಲೆಕ್ಕ.

ನಮ್ಮಲ್ಲೂ ಮಕ್ಕಳ ವೈದ್ಯರು ಕಾನೂನಿನ ಬಾಗಿಲು ತಟ್ಟದೆ ಇಲ್ಲ. ಹಾಲಿನ ಪುಡಿಯ ಡಬ್ಬಗಳ ಮೋಹಕ ಜಾಹೀರಾತಿಗೆ ಕಡಿವಾಣ ಹಾಕಿದ 1992ರ ಶಿಶು ಹಾಲು ಬದಲಿ ಪದಾರ್ಥಗಳ ಕಾಯ್ದೆಯ ಹಿಂದೆ ಅವರ ದನಿಯೂ ಇತ್ತು. ರಸ್ತೆಯ ವಿಷಯದಲ್ಲಿ ಕಾನೂನು ತಡವಾಗಿ ಬಂತು. ಕಾರಿನಲ್ಲಿ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಓಡಿಸಿದರೆ ಸಾವಿರ ರೂಪಾಯಿ ದಂಡ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳಿತು. ದ್ವಿಚಕ್ರ ವಾಹನದಲ್ಲಿ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಹಾಕಬೇಕು, ಓಡಿಸುವವರ ಮೈಗೆ ಸೇರಿಸಿ ಸುರಕ್ಷತಾ ಪಟ್ಟಿ ಕಟ್ಟಬೇಕು, ವೇಗ ಗಂಟೆಗೆ ನಲವತ್ತು ಕಿಲೋಮೀಟರ್ ದಾಟಬಾರದು ಎಂಬ ನಿಯಮ 2022ರಲ್ಲಿ ಪ್ರಕಟವಾಗಿ 2023ರ ಫೆಬ್ರವರಿಯಿಂದ ಜಾರಿಗೆ ಬಂತು.

ಕಾಗದದ ಮೇಲೆ ನಮ್ಮ ಕಾನೂನಿನಲ್ಲಿ ಮಡಿಲಿಗೆ ವಿನಾಯಿತಿ ಇಲ್ಲ. ಆದರೆ ರಸ್ತೆಗೆ ಬಂದು ನೋಡಿದರೆ ಪಟ್ಟಿ ಕಟ್ಟಿಕೊಂಡ ಕೂಸು ಕಾಣುವುದು ಅಪರೂಪ. ಹೊರಡಿಸಿದ ನಿಯಮವೊಂದು ತಾಯಂದಿರ ಮನಸ್ಸಿಗೆ ಮುಟ್ಟಬೇಕಾದರೆ ಯಾರಾದರೂ ಅದನ್ನು ಅವರಿಗೆ ಹೇಳಬೇಕು. ಲಸಿಕೆ ಹಾಕಿಸಲು ಬಂದಾಗ ಡಾಕ್ಟರು ಒಂದು ಮಾತು ಕೇಳಬಹುದು, ಮಗುವನ್ನು ಏನರಲ್ಲಿ ತಂದಿರಿ, ಹೇಗೆ ಕೂರಿಸಿಕೊಂಡಿರಿ ಎಂದು. ಆ ಪಟ್ಟಿ ಕೊಳ್ಳಲಾಗದವರಿಗೆ ಆಸ್ಪತ್ರೆ ಎರವಲು ಕೊಡಬಹುದು. ಒಂದೊಂದು ತಾಲ್ಲೂಕಿನಲ್ಲಿ ಮಡಿಲಿನಿಂದ ಬಿದ್ದ ಮಕ್ಕಳೆಷ್ಟು ಎಂದು ಯಾರಾದರೂ ಬರೆದಿಡಬಹುದು.

ರಾಬರ್ಟ್ ಸ್ಯಾಂಡರ್ಸ್ 2006ರ ಜನವರಿಯಲ್ಲಿ ತೀರಿಕೊಂಡರು. ಅಲ್ಲಿಯ ಜನ ಅವರನ್ನು ಸೀಟ್ ಬೆಲ್ಟ್ ಡಾಕ್ಟರ್ ಎಂದು ಕರೆಯುತ್ತಿದ್ದರು. ಇಲ್ಲಿ, ನಮ್ಮ ರಸ್ತೆಯ ಹಂಪ್ ಹತ್ತಿರ ಬರುತ್ತಿದೆ. ಸ್ಕೂಟರು ನಿಧಾನಿಸುತ್ತದೆ. ಅಮ್ಮ ಒಂದು ಕೈಯಿಂದ ಸೀಟಿನ ಹಿಡಿ ಹಿಡಿದು, ಇನ್ನೊಂದು ಕೈಯಿಂದ ಕೂಸನ್ನು ಇನ್ನಷ್ಟು ಬಿಗಿಯಾಗಿ ಎದೆಗವಚಿಕೊಳ್ಳುತ್ತಾಳೆ. ಅವಳಿಗೆ ತಿಳಿದ ದಾರಿ ಅದೊಂದೇ.